ಆಕ್ಸಿಲರೇಟರ್ ಒತ್ತಿದರೆ ಸ್ಟೇರಿಂಗ್ ಯಾಕೆ ಜಗ್ಗುತ್ತದೆ?

ಕಾರಿನ ಹುಚ್ಚು ಇರುವ ಒಂದಷ್ಟು ಜನರ ಮುಂದೆ ಆಡಿದ ಮಾತಿದು. ಬರೆಯುವಾಗ ಸ್ವಲ್ಪ ಓರಣ ಮಾಡಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನನ್ನ ಕೈಯಲ್ಲಿ ಎರಡು ಪೆನ್ಸಿಲ್ ಇವೆ, ನೋಡಿ. ಒಂದು ಹೊಸದು. ಇನ್ನೊಂದು ಕೆತ್ತಿ ಕೆತ್ತಿ ಅರ್ಧಕ್ಕೆ ಬಂದಿದೆ. ಇವತ್ತಿನ ಮಾತಿನ ಅರ್ಧ ಭಾಗ ಈ ಪೆನ್ಸಿಲ್‌ಗಳಲ್ಲೇ ಇದೆ. ಸದ್ಯಕ್ಕೆ ಮೇಜಿನ ಮೇಲಿಡುತ್ತೇನೆ.

ನನಗೆ ಈ ವಿಷಯದ ಪರಿಚಯ ಆಗಿದ್ದು ಗೆಳೆಯನ ಟರ್ಬೊ ಹ್ಯಾಚ್‌ಬ್ಯಾಕ್‌ನಲ್ಲಿ. ಮುಂದಿನ ಚಕ್ರದ ಕಾರು, ಅಂದರೆ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನೇ, ಎರಡನೇ ಗೇರ್, ನೇರ ರಸ್ತೆ, ಮುಂದೆ ಯಾರೂ ಇಲ್ಲ. "ಒತ್ತು ನೋಡೋಣ" ಅಂದ. ಒತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಟರ್ಬೊ ಎದ್ದಿತು, ಅದರ ಜೊತೆಗೇ ಸ್ಟೇರಿಂಗ್ ಕೈಯಿಂದ ಬಲಕ್ಕೆ ಜಗ್ಗಿತು, ಹಗ್ಗ ಕಟ್ಟಿದ ಕರು ಹುಲ್ಲು ಕಂಡ ಕಡೆಗೆ ಎಳೆಯುತ್ತದಲ್ಲ, ಥೇಟ್ ಹಾಗೆ. ಗಾಬರಿಯಾಗಿ ಕಾಲು ತೆಗೆದೆ, ತಕ್ಷಣ ಸರಿಹೋಯಿತು. ಪಕ್ಕದಲ್ಲಿ ಅವನು ನಗುತ್ತಾ ಕೂತಿದ್ದ. "ಪವರ್ ಜಾಸ್ತಿ ಕಣೋ, ಅದಕ್ಕೇ" ಅಂದ.

ಆ ಉತ್ತರವನ್ನು ನಾನು ಬಹಳ ವರ್ಷ ನಂಬಿದ್ದೆ. ಇಲ್ಲಿರುವ ಅರ್ಧ ಜನ ಈಗಲೂ ನಂಬಿರಬಹುದು. ಆದರೆ ಪವರ್ ಎಷ್ಟೇ ಇದ್ದರೂ, ಎಡಕ್ಕೂ ಬಲಕ್ಕೂ ಎಲ್ಲವೂ ಸಮವಾಗಿದ್ದರೆ ಸ್ಟೇರಿಂಗ್ ಜಗ್ಗಬೇಕಾಗಿಯೇ ಇಲ್ಲ. ಜಗ್ಗುವುದು ಎರಡು ಕಡೆಯ ನಡುವಿನ ವ್ಯತ್ಯಾಸ. ಪವರ್ ಆ ವ್ಯತ್ಯಾಸವನ್ನು ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೇ. ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಎರಡೂ ಕಡೆ ಹತ್ತು ಹತ್ತು ಜನ ಪೈಲ್ವಾನರು ನಿಂತರೂ ಹಗ್ಗ ಅಲ್ಲಾಡುವುದಿಲ್ಲ. ಒಂದು ಕಡೆ ಒಬ್ಬ ಕಾಲು ಜಾರಿದನೋ, ಹಗ್ಗ ಹೋಯಿತು. ಮುಂದಿನ ಎರಡೂ ಚಕ್ರಗಳು, ಅವನ್ನು ತಿರುಗಿಸುವ ಅಡ್ಡ ಸರಳಾದ ಸ್ಟೇರಿಂಗ್ ರ‍್ಯಾಕ್‌ನ ಎರಡು ತುದಿಯಲ್ಲಿ ನಿಂತು ಸದಾ ಹೀಗೇ ಜಗ್ಗುತ್ತಿರುತ್ತವೆ. ಸಮ ಇರುವಷ್ಟು ಹೊತ್ತು ನಮಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಎರಡು ಕಡೆ ಯಾಕೆ ಸಮ ಇರುವುದಿಲ್ಲ? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1959ರಲ್ಲಿ ಅಲೆಕ್ ಇಸಿಗೋನಿಸ್ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡ ಮಲಗಿಸಿದರು. ಜಾಗ ಉಳಿಸಲು ಗೇರ್‌ಬಾಕ್ಸನ್ನು ಎಂಜಿನ್ ಕೆಳಗೆ, ಆಯಿಲ್ ಸಂಪ್‌ನ ಒಳಗೇ ಇಟ್ಟರು. ಎರಡಕ್ಕೂ ಒಂದೇ ಆಯಿಲ್. ವಿಚಿತ್ರ ಅನ್ನಿಸಿದರೂ ಡಿಫರೆನ್ಷಿಯಲ್, ಅಂದರೆ ಗೇರ್‌ಬಾಕ್ಸ್‌ನಿಂದ ಬಂದ ಎಳೆತವನ್ನು ಎರಡು ಚಕ್ರಕ್ಕೆ ಹಂಚುವ ಗೇರ್ ಜೋಡಣೆ, ಹೆಚ್ಚುಕಡಿಮೆ ಕಾರಿನ ನಡುವೆಯೇ ಕೂತಿತು. ಐದು ವರ್ಷ ಬಿಟ್ಟು, 1964ರಲ್ಲಿ, ಫಿಯೆಟ್‌ನ ದಾಂತೆ ಜಾಕೋಸಾ ಇನ್ನೊಂದು ದಾರಿ ಹಿಡಿದರು. ಎಂಜಿನ್ ಅಡ್ಡವೇ ಇರಲಿ, ಗೇರ್‌ಬಾಕ್ಸನ್ನು ಅದರ ತುದಿಗೆ ಸಾಲಾಗಿ ಜೋಡಿಸೋಣ ಅಂದರು. ಮೊದಲು ಆಟೋಬಿಯಾಂಕಿ ಪ್ರಿಮುಲಾ ಅನ್ನೋ ಕಾರಿನಲ್ಲಿ ಮಾಡಿ ನೋಡಿದರು. ಒಂದು ರೀತಿ ಬೇರೆಯವರ ಮನೆಯ ಒಲೆಯ ಮೇಲೆ ಅಡುಗೆ ಕಲಿತ ಹಾಗೆ. ಕೆಟ್ಟರೆ ಫಿಯೆಟ್ ಹೆಸರು ಹಾಳಾಗುವುದಿಲ್ಲವಲ್ಲ. ಕೆಡಲಿಲ್ಲ. 1969ರಲ್ಲಿ ಫಿಯೆಟ್ 128 ಬಂತು, ಆಮೇಲೆ ಹೆಚ್ಚುಕಡಿಮೆ ಇಡೀ ಪ್ರಪಂಚವೇ ಈ ಜೋಡಣೆಯನ್ನು ಹಿಡಿದುಕೊಂಡಿತು. ಇವತ್ತು ರಸ್ತೆಯಲ್ಲಿರುವ ಸಣ್ಣ ಕಾರಿನ ಬಾನೆಟ್ ಎತ್ತಿದರೆ ಸಾಮಾನ್ಯವಾಗಿ ಕಾಣುವುದು ಜಾಕೋಸಾ ಜೋಡಣೆಯೇ.

ಅಗ್ಗ, ಚಿಕ್ಕದು, ರಿಪೇರಿಗೆ ಸುಲಭ. ಆದರೆ ಎಂಜಿನ್ ಒಂದು ಪಕ್ಕ, ಗೇರ್‌ಬಾಕ್ಸ್ ಇನ್ನೊಂದು ಪಕ್ಕ ಅಂದ ಮೇಲೆ ಡಿಫರೆನ್ಷಿಯಲ್ ನಡುವೆ ಇರಲು ಹೇಗೆ ಸಾಧ್ಯ? ಅದು ಒಂದು ಚಕ್ರಕ್ಕೆ ಹತ್ತಿರ, ಇನ್ನೊಂದಕ್ಕೆ ದೂರ. ಹಾಗಾಗಿ ಅಲ್ಲಿಂದ ಚಕ್ರಕ್ಕೆ ಹೋಗುವ ಸರಳುಗಳಲ್ಲಿ, ಅಂದರೆ ಡ್ರೈವ್ ಶಾಫ್ಟ್‌ಗಳಲ್ಲಿ, ಒಂದು ಗಿಡ್ಡ, ಒಂದು ಉದ್ದ.

ಈಗ ಪೆನ್ಸಿಲ್ ತೆಗೆದುಕೊಳ್ಳೋಣ. ಎರಡನ್ನೂ ತುದಿಗೆ ತುದಿ ಸೇರಿಸಿ ಮೇಜಿನ ಮೇಲೆ ಇಟ್ಟಿದ್ದೇನೆ. ಸೇರಿದ ಜಾಗ ಡಿಫರೆನ್ಷಿಯಲ್, ಹೊರ ತುದಿಗಳು ಚಕ್ರ. ಕಾರು ಜೋರಾಗಿ ಹೊರಟಾಗ ಮೂತಿ ಮೇಲೇಳುತ್ತದೆ ಅಲ್ವಾ? ಅಂದರೆ ಈ ಸೇರಿದ ಜಾಗ ಮೇಲೆ ಬರುತ್ತದೆ, ಹೊರ ತುದಿಗಳು ಅಲ್ಲೇ ಇರುತ್ತವೆ. ಎತ್ತುತ್ತೇನೆ, ನೋಡಿ. ಗಿಡ್ಡ ಪೆನ್ಸಿಲ್ ಎಷ್ಟು ಓರೆಯಾಯಿತು, ಉದ್ದದ್ದು ಎಷ್ಟು ಆಯಿತು? ಲೆಕ್ಕ ಬೇಕು ಅನ್ನುವವರಿಗೆ: ಒಂದು ಶಾಫ್ಟ್ 350 ಮಿಲಿಮೀಟರ್, ಇನ್ನೊಂದು 700 ಅಂದುಕೊಳ್ಳಿ. ಮೂತಿ 25 ಮಿಲಿಮೀಟರ್ ಎದ್ದರೆ ಗಿಡ್ಡದ್ದು ಸುಮಾರು 4 ಡಿಗ್ರಿ ಓರೆ, ಉದ್ದದ್ದು 2 ಡಿಗ್ರಿ.

ಓರೆಯಾದರೆ ಏನೀಗ? ಇದೇ ಪ್ರಶ್ನೆ ಮುಂದಿನ ಸಾಲಿನಿಂದ ಬಂತು. ಒಳ್ಳೆಯ ಪ್ರಶ್ನೆ, ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ತಿರುಗುವ ಶಾಫ್ಟ್‌ನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಆ ಶಾಫ್ಟ್ ಉದ್ದಕ್ಕೂ ಬರೆದ ಬಾಣ ಅಂದುಕೊಳ್ಳಿ. ಶಾಫ್ಟ್ ನೆಟ್ಟಗೆ ಅಡ್ಡ ಮಲಗಿದ್ದರೆ ಬಾಣವೂ ನೆಟ್ಟಗೆ ಚಕ್ರದ ಕಡೆಗೆ. ಅದರ ಕೆಲಸ ಚಕ್ರ ಉರುಳಿಸುವುದು ಮಾತ್ರ. ಶಾಫ್ಟ್ ಓರೆಯಾದರೆ ಬಾಣವೂ ಓರೆ. ಆಗ ಬಾಣದ ಒಂದು ಸಣ್ಣ ಪಾಲು ಮೇಲಕ್ಕೋ ಕೆಳಕ್ಕೋ ತಿರುಗುತ್ತದೆ. ನಿಂತಿರುವ ಬಾಣ ಅಂದರೆ ಏನು? ನಿಂತ ಕಂಬದ ಸುತ್ತ ತಿರುಚುವ ಬಲ. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದೂ ಅಂಥ ಕಂಬದ ಸುತ್ತಲೇ. ಅಂದರೆ ಚಕ್ರ ಉರುಳಿಸಬೇಕಾದ ಟಾರ್ಕ್‌ನಲ್ಲಿ ಒಂದು ಚೂರು ಕಳ್ಳದಾರಿಯಲ್ಲಿ ಬಂದು ಸ್ಟೇರಿಂಗ್ ತಿರುಗಿಸಲು ನೋಡುತ್ತದೆ. ಶಾಫ್ಟ್ ಓರೆಯಾದರೂ ತಿರುಗಲು ಬಿಡುವ ಕೀಲು ಸಿವಿ ಜಾಯಿಂಟ್, ಅದರಲ್ಲಿ ಈ ಚೂರಿನ ಅಳತೆ ಇಷ್ಟು: ಟಾರ್ಕ್ ಗುಣಿಸು ಓರೆಯ ಅರ್ಧ ಕೋನದ ಟ್ಯಾನ್. ಒಂದೊಂದು ಚಕ್ರಕ್ಕೆ 1400 ನ್ಯೂಟನ್ ಮೀಟರ್ ಹೋಗುತ್ತಿದೆ ಅಂದುಕೊಂಡರೆ, 4 ಡಿಗ್ರಿ ಕಡೆ ಸುಮಾರು 49, 2 ಡಿಗ್ರಿ ಕಡೆ ಸುಮಾರು 24. ಎರಡೂ ಎದುರುಬದುರು ಜಗ್ಗುತ್ತವೆ. ಉಳಿಯುವುದು 25. ಆ ಇಪ್ಪತ್ತೈದು ರ‍್ಯಾಕ್ ಹತ್ತಿ ನಿಮ್ಮ ಕೈಗೆ ಬರುತ್ತದೆ.

ಇನ್ನೂ ಒಂದು ಕಿಲಾಡಿತನ ಇದೆ. ಉದ್ದ ಶಾಫ್ಟ್ ಗಿಡ್ಡದಕ್ಕಿಂತ ಜಾಸ್ತಿ ತಿರುಚಿಕೊಳ್ಳುತ್ತದೆ, ಹಿಂಡಿದ ಬಟ್ಟೆ ಥರ. ದಿಢೀರ್ ಅಂತ ಒತ್ತಿದಾಗ ಗಿಡ್ಡ ಕಡೆಗೆ ಎಳೆತ ಮೊದಲು ಸಿಗುತ್ತದೆ, ಉದ್ದ ಕಡೆಗೆ ಒಂದು ಚೂರು ತಡ. ಅದಕ್ಕೇ ಕೆಲವು ಕಾರುಗಳಲ್ಲಿ ಉದ್ದ ಶಾಫ್ಟ್ ದಪ್ಪಗೆ, ಒಳಗೆ ಟೊಳ್ಳಾಗಿ ಇರುತ್ತದೆ. ದಪ್ಪ ಮಾಡಿದರೆ ಬಿಗಿ ಬರುತ್ತದೆ, ಟೊಳ್ಳು ಮಾಡಿದರೆ ತೂಕ ಏರುವುದಿಲ್ಲ.

ಉದ್ದದ ವ್ಯತ್ಯಾಸಕ್ಕೆ ಮದ್ದು ಹಳೆಯದೇ, ಸರಳವೂ ಹೌದು. ಗೇರ್‌ಬಾಕ್ಸ್‌ನಿಂದ ದೂರದ ಚಕ್ರದ ಕಡೆಗೆ ಮೊದಲು ಒಂದು ನೇರ ತುಂಡು ಶಾಫ್ಟ್ ಕೊಡುವುದು, ಅದರ ತುದಿಯನ್ನು ಎಂಜಿನ್ ಬ್ಲಾಕ್‌ಗೆ ಬೋಲ್ಟ್ ಮಾಡಿದ ಬೇರಿಂಗ್‌ನಲ್ಲಿ ಕೂರಿಸುವುದು, ಅಲ್ಲಿಂದಾಚೆಗೆ ಗಿಡ್ಡ ಕಡೆಯಷ್ಟೇ ಉದ್ದದ ಶಾಫ್ಟ್ ಹಾಕುವುದು. ಆಗ ಅಲ್ಲಾಡುವ ಭಾಗ ಎರಡೂ ಕಡೆ ಸಮ. ಪವರ್ ಜಾಸ್ತಿ ಇರುವ ಬಹಳಷ್ಟು ಕಾರುಗಳಲ್ಲಿ ಇದು ಇದೆ. ಕೆಳಗೆ ಬಗ್ಗಿ ನೋಡಿದರೆ ಆ ಬೇರಿಂಗ್ ಕಾಣುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಪೆನ್ಸಿಲ್ ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ. ಶಾಫ್ಟ್ ಸಮ ಇರುವ ಕಾರುಗಳೂ ಜಗ್ಗುತ್ತವೆ. ಯಾಕೆ?

ಚಕ್ರ ಯಾವ ಕಂಬದ ಸುತ್ತ ತಿರುಗುತ್ತದೆ ಅಂದೆನಲ್ಲ, ಆ ಕಂಬ ಎಲ್ಲಿದೆ ನೋಡೋಣ. ಕಣ್ಣಿಗೆ ಕಾಣುವ ಕಂಬ ಅಲ್ಲ ಅದು. ಸಾಮಾನ್ಯ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆ ಅದು) ಮೇಲೆ ಸ್ಟ್ರಟ್‌ನ ತಲೆಯಿಂದ ಕೆಳಗೆ ಬಾಲ್ ಜಾಯಿಂಟ್ ಅನ್ನೋ ಕೀಲಿಗೆ ಒಂದು ಗೆರೆ ಎಳೆದರೆ ಅದೇ ಕಂಬ. ಸ್ಟ್ರಟ್ ತಲೆ ಕಾರಿನ ಒಳಗಡೆಗೆ ವಾಲಿರುತ್ತದೆ. ಹಾಗಾಗಿ ಚಕ್ರದ ನಡುಮಟ್ಟದಲ್ಲಿ ಆ ಗೆರೆ ಚಕ್ರಕ್ಕಿಂತ ಕೆಲವು ಸೆಂಟಿಮೀಟರ್ ಒಳಗಿರುತ್ತದೆ. ಚಕ್ರ ಕಾರನ್ನು ಮುಂದಕ್ಕೆ ತಳ್ಳುವಾಗ ಈ ಅಂತರವೇ ಸನ್ನೆಕೋಲಾಗುತ್ತದೆ. ಅಂತರ 50 ಮಿಲಿಮೀಟರ್, ಒಂದು ಚಕ್ರದ ತಳ್ಳುವಿಕೆ 4400 ನ್ಯೂಟನ್ ಅಂದುಕೊಂಡರೆ ತಿರುಚು 220 ನ್ಯೂಟನ್ ಮೀಟರ್. ಪೆನ್ಸಿಲ್ ಲೆಕ್ಕದ 25 ಎಲ್ಲಿ, ಇದೆಲ್ಲಿ! ಎಡ ಬಲ ಸಮ ಇದ್ದರೆ ಇದೂ ರದ್ದಾಗುತ್ತದೆ. ಆದರೆ ಒಂದು ಕಡೆ 20 ಶೇಕಡಾ ತಪ್ಪಿದರೂ 44 ಉಳಿಯುತ್ತದೆ. ಒಂದು ಟೈರ್ ಗುಂಡಿಗೆ ಇಳಿದರೆ, ಇನ್ನೊಂದು ದಿಬ್ಬ ಹತ್ತಿದರೆ ಪ್ರತಿ ಕ್ಷಣ ಈ ಲೆಕ್ಕ ಬದಲಾಗುತ್ತಿರುತ್ತದೆ. ಹದಗೆಟ್ಟ ರಸ್ತೆಯಲ್ಲಿ ಸ್ಟೇರಿಂಗ್ ಒಂದೇ ಕಡೆ ಎಳೆಯದೆ ಅತ್ತ ಇತ್ತ ಹೊಯ್ದಾಡುವುದು ಇದರಿಂದಲೇ.

(ಬ್ರೇಕ್ ಹಾಕಿದಾಗ ಲೆಕ್ಕ ಬೇರೆ. ಡಿಸ್ಕ್ ಹಿಡಿಯುವ ಬ್ರೇಕ್ ಕ್ಯಾಲಿಪರ್ ಚಕ್ರದ ಜೊತೆಗೇ ಇರುವುದರಿಂದ ಆಗ ನೋಡಬೇಕಾದದ್ದು ಟೈರ್ ನೆಲ ಮುಟ್ಟುವ ಜಾಗಕ್ಕೂ ಆ ಗೆರೆಗೂ ಇರುವ ಅಂತರ. ಈ ಎರಡನ್ನೂ ಕಲಸಿಕೊಂಡು ಗಂಟೆಗಟ್ಟಲೆ ವಾದ ಮಾಡುವವರನ್ನು ನೋಡಿದ್ದೇನೆ. ನಾನೂ ಮಾಡಿದ್ದೇನೆ.)

ಇಲ್ಲಿ ಡಿಫರೆನ್ಷಿಯಲ್ ಪಾತ್ರ ಬರುತ್ತದೆ. ಸಾದಾ ಡಿಫರೆನ್ಷಿಯಲ್ ಪಾಪದ್ದು, ಎರಡೂ ಕಡೆಗೆ ಟಾರ್ಕ್ ಸಮವಾಗಿ ಹಂಚುತ್ತದೆ. ಒಂದು ಚಕ್ರ ಮರಳಿನ ಮೇಲೆ ಜಾರಿದರೆ ಇನ್ನೊಂದಕ್ಕೂ ಅಷ್ಟೇ ಸಿಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಅದಕ್ಕೇ ಸ್ಪೋರ್ಟ್ಸ್ ಕಾರುಗಳಿಗೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕುತ್ತಾರೆ. ಹಿಡಿತ ಇರುವ ಚಕ್ರಕ್ಕೆ ಅದು ಜಾಸ್ತಿ ಕಳಿಸುತ್ತದೆ. ಒಳ್ಳೆಯದೇ. ಆದರೆ ಒಂದು ಕಡೆ ಜಾಸ್ತಿ ಕಳಿಸುವುದು ಅಂದರೇನು? ವ್ಯತ್ಯಾಸ ಹುಟ್ಟಿಸುವುದು! 2002ರ ಮೊದಲ ಫೋರ್ಡ್ ಫೋಕಸ್ ಆರ್‌ಎಸ್‌ನಲ್ಲಿ ಕ್ವೈಫ್ ಕಂಪನಿಯ ಅಂಥದ್ದೇ ಡಿಫರೆನ್ಷಿಯಲ್ ಇತ್ತು. ತಿರುವಿನಿಂದ ಹೊರಬರುವಾಗ ಕಾರು ಅದ್ಭುತವಾಗಿ ಎಳೆದುಕೊಂಡು ಹೋಗುತ್ತಿತ್ತು, ಸ್ಟೇರಿಂಗ್ ಮಾತ್ರ ಗಟ್ಟಿಯಾಗಿ ಹಿಡಿದಿರಬೇಕಿತ್ತು. ಇದ್ದದ್ದು 212 ಹಾರ್ಸ್‌ಪವರ್ ಮಾತ್ರ.

ಸುಮಾರು 200 ಹಾರ್ಸ್‌ಪವರ್ ದಾಟಿದರೆ ಮುಂದಿನ ಚಕ್ರಕ್ಕೆ ಕಷ್ಟ ಅನ್ನೋ ಮಾತು ಒಂದು ಕಾಲದಲ್ಲಿ ಓಡಾಡುತ್ತಿತ್ತು. ಅದನ್ನು ನಂಬುವಂತೆ ಮಾಡಿದ ಕಾರುಗಳೂ ಇದ್ದವು. ಸಾಬ್ 9-3 ವಿಗ್ಗೆನ್, 1999ರದ್ದು, 2.3 ಲೀಟರ್ ಟರ್ಬೊ. ಸ್ಟೇರಿಂಗ್ ಜಗ್ಗುವುದರಲ್ಲಿ ಅದಕ್ಕೆ ದೊಡ್ಡ ಹೆಸರು. ಅದರ ಮಾಲೀಕರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಸ್ಟೇರಿಂಗ್ ರ‍್ಯಾಕ್ ಕೂತಿರುವ ಜಾಗವೇ ಒತ್ತಡಕ್ಕೆ ಬಾಗುತ್ತದೆ ಅಂತ ಗೊತ್ತಾಗಿ, ರ‍್ಯಾಕ್‌ಗೆ ಗಟ್ಟಿ ಕ್ಲ್ಯಾಂಪ್ ಮತ್ತು ಆಸರೆ ಪಟ್ಟಿ ಹಾಕಿಸಿಕೊಳ್ಳುತ್ತಿದ್ದರು. ರ‍್ಯಾಕ್ ಒಂದು ಕೂದಲೆಳೆ ಸರಿದರೂ ನೀವು ಸ್ಟೇರಿಂಗ್ ತಿರುಗಿಸಿದ ಹಾಗೇ ಲೆಕ್ಕ, ಅಲ್ವಾ?

ಆದರೆ 200ರ ಮಾತನ್ನು ಅಮೆರಿಕದವರು ಮೂವತ್ತು ವರ್ಷ ಮೊದಲೇ ಮುರಿದಿದ್ದರು. 1966ರ ಓಲ್ಡ್ಸ್‌ಮೊಬೈಲ್ ಟೊರೊನಾಡೊ: 7 ಲೀಟರ್ ವಿ8, 385 ಹಾರ್ಸ್‌ಪವರ್, ಎಲ್ಲ ಮುಂದಿನ ಚಕ್ರಕ್ಕೆ. 1970ರ ಕ್ಯಾಡಿಲಾಕ್ ಎಲ್ಡೊರಾಡೊ: 8.2 ಲೀಟರ್, 400 ಹಾರ್ಸ್‌ಪವರ್. ಆಗ ಅಳೆಯುತ್ತಿದ್ದ ರೀತಿಯಲ್ಲಿ ಅಂಕಿ ಸ್ವಲ್ಪ ಉಬ್ಬಿದ್ದು ನಿಜ, ಆದರೂ ದೈತ್ಯ ಎಂಜಿನ್‌ಗಳೇ. ಇವುಗಳ ಹೆಸರು ಜಗ್ಗಾಟದಿಂದ ಕೆಡಲಿಲ್ಲ. ಎಂಜಿನ್ ಉದ್ದುದ್ದ ಮಲಗಿತ್ತು, ಗೇರ್‌ಬಾಕ್ಸ್ ಅದರ ಪಕ್ಕದಲ್ಲಿತ್ತು, ಎರಡನ್ನೂ ಸೇರಿಸಲು ಒಂದು ದೊಡ್ಡ ಚೈನ್. ಜಾಗದ ಚಿಂತೆ ಇಲ್ಲದ ಕಾರು, ಹೇಗೆ ಬೇಕಾದರೂ ಜೋಡಿಸಬಹುದಿತ್ತು.

ಈ ಕಾಲದವರು ಹಿಡಿದ ದಾರಿ ಆ ಕಂಬವನ್ನೇ ಸರಿಸುವುದು. 2004ರ ರೆನೊ ಮೆಗಾನ್ ಆರ್‌ಎಸ್‌ನಲ್ಲಿ ಹೀಗೆ ಮಾಡಿದರು. ಮಾಮೂಲಿ ಕಾರಿನಲ್ಲಿ ಸ್ಟೇರಿಂಗ್ ತಿರುಗಿಸಿದರೆ ಇಡೀ ಸ್ಟ್ರಟ್ ಚಕ್ರದ ಜೊತೆಗೇ ತಿರುಗುತ್ತದೆ. ಇದರಲ್ಲಿ ಸ್ಟ್ರಟ್ ಸುಮ್ನೆ ನಿಂತಿರುತ್ತದೆ, ಅದರ ಹೊರಗೆ ಎರಡು ಕೀಲುಗಳ ಮೇಲೆ ಚಕ್ರ ಕೂರುವ ತುಂಡು, ಅಂದರೆ ನಕಲ್, ಮಾತ್ರ ತಿರುಗುತ್ತದೆ. ಬಾಗಿಲು ಮತ್ತು ಚೌಕಟ್ಟು ಇದ್ದ ಹಾಗೆ. ಕೀಲುಗಳು ಚಕ್ರಕ್ಕೆ ಹತ್ತಿರ ಇರುವುದರಿಂದ ಸನ್ನೆಕೋಲು ಗಿಡ್ಡವಾಗುತ್ತದೆ. 2009ರಲ್ಲಿ ಫೋರ್ಡ್ ಇದೇ ಯೋಚನೆಯನ್ನು ರೆವೊನಕಲ್ ಅನ್ನೋ ಹೆಸರಿನಲ್ಲಿ ಎರಡನೇ ಫೋಕಸ್ ಆರ್‌ಎಸ್‌ಗೆ ಹಾಕಿತು. 305 ಹಾರ್ಸ್‌ಪವರ್, ಅದೇ ಕ್ವೈಫ್ ಡಿಫರೆನ್ಷಿಯಲ್, ಆದರೆ ಹಿಡಿದು ಓಡಿಸಬಹುದಾದ ಕಾರು. ಜನರಲ್ ಮೋಟರ್ಸ್ ಹೈಪರ್ ಸ್ಟ್ರಟ್ ಅಂದಿತು. ಹೋಂಡಾ 2015ರ ಸಿವಿಕ್ ಟೈಪ್ ಆರ್‌ಗೆ ಹಾಕಿತು, ಅದರ ಮುಂದಿನದು 2017ರಲ್ಲಿ 320 ಹಾರ್ಸ್‌ಪವರ್ ಹೊತ್ತು ಜರ್ಮನಿಯ ನರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕನ್ನು 7 ನಿಮಿಷ 43.80 ಸೆಕೆಂಡಿನಲ್ಲಿ ಸುತ್ತಿ ಮುಂದಿನ ಚಕ್ರದ ಕಾರುಗಳ ದಾಖಲೆ ಬರೆಯಿತು. 200 ಅಂದವರು ಎಲ್ಲಿದ್ದಾರೋ.

ಕಂಬ ಸರಿಸಲು ದುಡ್ಡು ಬೇಕು. ಕೆಲವರು ಬೇರೆ ಬಗೆಯಲ್ಲಿ ದಾಟಿಕೊಂಡರು. 2007ರ ಮಾಜ್ದಾಸ್ಪೀಡ್3ರಲ್ಲಿ 263 ಹಾರ್ಸ್‌ಪವರ್ ಇತ್ತು, ಕೆಳಗಿನ ಗೇರ್‌ಗಳಲ್ಲಿ ಕಂಪ್ಯೂಟರ್ ಟಾರ್ಕ್ ಕತ್ತರಿಸುತ್ತಿತ್ತು. ಆದರೂ ಜಗ್ಗುತ್ತಿತ್ತು, ಅದು ಬೇರೆ ಮಾತು. ಇನ್ನು ಕೆಲವರು ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಮೋಟರ್‌ನಿಂದಲೇ ಎದುರು ತಳ್ಳಿಸುತ್ತಾರೆ. ಚಕ್ರ ಬಲಕ್ಕೆ ಜಗ್ಗಿದರೆ ಮೋಟರ್ ಸದ್ದಿಲ್ಲದೆ ಎಡಕ್ಕೆ ತಳ್ಳುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ನನಗೆ ಇದರ ಮೇಲೆ ಅಷ್ಟು ಪ್ರೀತಿ ಇಲ್ಲ. ಟೈರ್ ಹಿಡಿತ ಬಿಡುತ್ತಿದೆ ಅನ್ನೋ ಸುದ್ದಿ ಕೈಗೆ ಬರುವುದೂ ಅದೇ ದಾರಿಯಲ್ಲಿ. ಗಲಾಟೆ ಕೇಳಬಾರದು ಅಂತ ಕಿಟಕಿ ಮುಚ್ಚಿದರೆ ಹಾರ್ನ್ ಕೂಡ ಕೇಳುವುದಿಲ್ಲ.

ಎಲೆಕ್ಟ್ರಿಕ್ ಕಾರಿನ ಕಥೆ ಏನು ಅಂತ ಒಬ್ಬರು ಕೇಳಿದರು. ಮೊದಲ ಹ್ಯುಂಡೈ ಕೋನಾ ಎಲೆಕ್ಟ್ರಿಕ್‌ನಲ್ಲಿ 395 ನ್ಯೂಟನ್ ಮೀಟರ್, ಅದೂ ನಿಂತ ಜಾಗದಿಂದಲೇ. ಸಾಧಾರಣ ಟೈರ್‌ಗೆ ಅದು ಜಾಸ್ತಿಯೇ. ಒದ್ದೆ ರಸ್ತೆಯಲ್ಲಿ ಚಕ್ರ ಕಿರುಚುತ್ತದೆ, ಸ್ಟೇರಿಂಗ್ ಅಲ್ಲಾಡುತ್ತದೆ. ಒಂದೇ ಸಮಾಧಾನ, ಮೋಟರ್ ಟಾರ್ಕನ್ನು ಎಂಜಿನ್‌ಗಿಂತ ಬಹಳ ಬೇಗ ಇಳಿಸಿ ಏರಿಸಬಹುದು. ತಯಾರಕರು ಹಾಗೆ ಮಾಡಲು ಮನಸ್ಸು ಮಾಡಬೇಕು.

ಈಗ ನನ್ನ ಸ್ವಂತ ಪೇಚಾಟ. ನನ್ನ ಹತ್ತಿರ ಇದ್ದದ್ದು ಸಾದಾ ಕಾರು, ಪವರ್ ಬಗ್ಗೆ ಜಂಬ ಕೊಚ್ಚಿಕೊಳ್ಳುವಂಥದ್ದಲ್ಲ. ಒಂದು ದಿನದಿಂದ ಒತ್ತಿದರೆ ಎಡಕ್ಕೆ ಎಳೆಯಲು ಶುರು ಮಾಡಿತು. ಒಂದು ಗ್ಯಾರೇಜ್‌ಗೆ ಹೋದೆ, ವೀಲ್ ಅಲೈನ್‌ಮೆಂಟ್ ಮಾಡಿದರು. ಸರಿಯಾಗಲಿಲ್ಲ. ಮತ್ತೆ ಹೋದೆ, ಮತ್ತೆ ಅಲೈನ್‌ಮೆಂಟ್. ಮೂರನೇ ಸಲವೂ ಅದನ್ನೇ ಮಾಡಿ ದುಡ್ಡು ತೆಗೆದುಕೊಂಡರು. ಕಂಪ್ಯೂಟರ್ ಪರದೆ ಮೇಲೆ ಎಲ್ಲ ಹಸಿರು, ರಸ್ತೆಯಲ್ಲಿ ಅದೇ ಎಳೆತ.

ಕೊನೆಗೆ ಬೇರೆ ಕಡೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಸಿಕ್ಕರು. ಅವರು ಮೊದಲು ಕಾರು ಮುಟ್ಟಲೇ ಇಲ್ಲ. "ಒತ್ತಿದಾಗ ಎಡಕ್ಕೆ ಹೋಗುತ್ತಲ್ಲ ಸಾರ್, ಕಾಲು ತೆಗೆದಾಗ?" ಅಂತ ಕೇಳಿದರು. ಯೋಚಿಸಿದೆ. "ಬಲಕ್ಕೆ ಒಂಚೂರು ಹೋಗುತ್ತೆ" ಅಂದೆ. "ಅಷ್ಟೇ, ಬುಷ್ ಹೋಗಿದೆ" ಅಂದರು. ಲಿಫ್ಟ್ ಮೇಲೆ ಹತ್ತಿಸಿ, ಎಡ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಹಿಂದಿನ ರಬ್ಬರ್ ಬುಷ್ ಹತ್ತಿರ ಒಂದು ಕಬ್ಬಿಣದ ರಾಡ್ ತೂರಿಸಿ ಮೀಟಿದರು. ಬೆರಳಷ್ಟು ಆಡಿತು. ರಬ್ಬರ್ ಒಳಗಿನ ಲೋಹದ ಕೊಳವೆಯಿಂದ ಸುತ್ತಲೂ ಬಿಟ್ಟುಕೊಂಡಿತ್ತು, ನೋಡಲು ಹೊರಗಿನಿಂದ ಚೆನ್ನಾಗಿಯೇ ಇತ್ತು. ನಿಂತ ಕಾರಿನಲ್ಲಿ ಚಕ್ರ ತನ್ನ ಜಾಗದಲ್ಲೇ ಇರುತ್ತದೆ, ಅದಕ್ಕೇ ಅಲೈನ್‌ಮೆಂಟ್ ಯಂತ್ರಕ್ಕೆ ಎಲ್ಲ ಸರಿ ಕಂಡಿದ್ದು. ಆಕ್ಸಿಲರೇಟರ್ ಒತ್ತಿದಾಗ ಆ ಒಂದು ಚಕ್ರ ಮುಂದಕ್ಕೆ ಸರಿದು ಸ್ವಲ್ಪ ತಿರುಗುತ್ತಿತ್ತು, ಕಾಲು ತೆಗೆದರೆ ವಾಪಸ್. ಎರಡೂ ಕಡೆ ಬುಷ್ ಬದಲಾಯಿಸಿದರು. ಒಂದೇ ಕಡೆ ಸಾಕಲ್ವಾ ಅಂದೆ. "ಒಂದು ಹೊಸದು ಒಂದು ಹಳೇದು ಹಾಕಿದ್ರೆ ಮತ್ತೆ ಇಲ್ಲಿಗೇ ಬರ್ತೀರಾ" ಅಂದರು.

ಅವರ ಪ್ರಶ್ನೆಯನ್ನು ನಾನು ಈಗ ಎಲ್ಲರಿಗೂ ಕೇಳುತ್ತೇನೆ. ಒತ್ತಿದಾಗ ಮಾತ್ರ ಎಳೆದರೆ ಡ್ರೈವ್ ಶಾಫ್ಟ್, ಬುಷ್, ಎಂಜಿನ್ ಮೌಂಟ್ ಕಡೆ ನೋಡಿ. ಮೌಂಟ್ ಸತ್ತರೆ ಎಂಜಿನ್ ಓರೆಯಾಗುತ್ತದೆ, ಪೆನ್ಸಿಲ್ ಕಥೆ ಮತ್ತೆ ಶುರು. ಸದಾ ಎಳೆದರೆ ಟೈರ್ ಅಥವಾ ಅಲೈನ್‌ಮೆಂಟ್. ಬ್ರೇಕ್‌ಗೆ ಮಾತ್ರ ಎಳೆದರೆ ಮೊದಲು ಕ್ಯಾಲಿಪರ್. ಜಗ್ಗುವ ಕಾರನ್ನು ಓಡಿಸುವುದು ಹೇಗೆ ಅಂದರೆ, ಚಕ್ರ ನೇರ ಆದ ಮೇಲೆ ಒತ್ತಿ, ಒಂದೇ ಸಲ ತುಳಿಯಬೇಡಿ, ಎರಡೂ ಕೈ ಸ್ಟೇರಿಂಗ್ ಮೇಲಿರಲಿ.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಪಾರ್ಕಿಂಗ್‌ಗೆ ಕರೆದುಕೊಂಡು ಹೋದ. ಅವನ ಟರ್ಬೊ ಕಾರು ವಿಪರೀತ ಜಗ್ಗುತ್ತಂತೆ, ಡಿಫರೆನ್ಷಿಯಲ್ ಬದಲಾಯಿಸಬೇಕಾ ಅಂತ ಕೇಳಿದ. ಕಾಲು ತೆಗೆದಾಗಲೂ ಎಳೆಯುತ್ತಾ ಅಂದೆ. ಸ್ವಲ್ಪ ಎಳೆಯುತ್ತೆ ಸಾರ್ ಅಂದ. ಟೈರ್ ಗಾಳಿ ನೋಡಿದೆವು. ಎಡಗಡೆ 33, ಬಲಗಡೆ 26. ಎರಡನ್ನೂ ಸಮ ಮಾಡಿ ಒಂದು ಸುತ್ತು ಹೋಗಿ ಬಂದ. ಅರ್ಧ ಕಡಿಮೆಯಾಗಿದೆ ಅಂದ. ಉಳಿದ ಅರ್ಧಕ್ಕೆ ಲಿಫ್ಟ್ ಮೇಲೆ ಹತ್ತಿಸಿ, ರಾಡ್ ಹಾಕಿ ಬುಷ್ ಮೀಟಿಸು ಅಂತ ಹೇಳಿ ಕಳಿಸಿದೆ.